ಪರೋಕ್ಷ ಆಳ್ವಿಕೆ

ಪರೋಕ್ಷ ಆಳ್ವಿಕೆ ಎಂದರೆ ಗೆದ್ದ ನಾಡನ್ನು ಅಲ್ಲಿನ ಅರಸರು, ಮುಖಂಡರ ಮೂಲಕವೇ ಆಳುವ ವಸಾಹತು ಪದ್ಧತಿ. 1903ರಲ್ಲಿ ಮುಸ್ಲಿಂ ರಾಜ್ಯವಾದ ಸೊಕೊಟೊ ಬ್ರಿಟಿಷರ ವಶವಾದ ಮೇಲೆ, ಮದ್ರಾಸಿನಲ್ಲಿ ಹುಟ್ಟಿದ್ದ ಫ್ರೆಡರಿಕ್ ಲುಗಾರ್ಡ್ ಉತ್ತರ ನೈಜೀರಿಯದಲ್ಲಿ ಇದನ್ನು ವ್ಯವಸ್ಥಿತಗೊಳಿಸಿದ. ಅಲ್ಲಿನ ದೊರೆಗಳಾದ ಎಮೀರರ ಗಾದಿ, ನ್ಯಾಯಾಲಯ, ತೆರಿಗೆ ವಸೂಲಿ ಉಳಿದವು. ಅವುಗಳ ಮೇಲೆ ಬ್ರಿಟಿಷ್ ರೆಸಿಡೆಂಟನ ಕಣ್ಗಾವಲು ಬಂತು. ಮೈಸೂರಿನಂಥ ಸಂಸ್ಥಾನಗಳಿಗೆ ಈ ಹುದ್ದೆ ಅದಾಗಲೇ ಹಳತು. ಪಶ್ಚಿಮ ಆಫ್ರಿಕದಲ್ಲಿ ಫ್ರೆಂಚರದು ಇದಕ್ಕೆ ವಿರುದ್ಧವಾದ ನೇರ ಆಳ್ವಿಕೆ ಎನ್ನುವುದು ವಾಡಿಕೆ: ಡಾಕಾರ್ ಕೇಂದ್ರಿತ ಆಡಳಿತ, ಸೆನೆಗಲ್‌ನ ನಾಲ್ಕು ಪಟ್ಟಣಗಳಿಗೆ ಮತದಾನದ ಹಕ್ಕು, 1914ರಲ್ಲಿ ಅಲ್ಲಿಂದ ಪ್ಯಾರಿಸ್ ಸಂಸತ್ತಿಗೆ ಆಫ್ರಿಕನ್ನನಾದ ಬ್ಲೇಸ್ ದಿಯಾನ್‌ನ ಆಯ್ಕೆ. ಪಟ್ಟಣಗಳಾಚೆಯ ಬಹುತೇಕರಿಗೆ ಮಾತ್ರ 1946ರವರೆಗೂ ವಿಚಾರಣೆಯಿಲ್ಲದೆ ಶಿಕ್ಷಿಸುವ ಕಾನೂನೇ ಗತಿಯಾಗಿತ್ತು.

ಫ್ರೆಂಚರೂ ಮುಖಂಡರನ್ನು ಬಳಸಿಕೊಂಡಿದ್ದರಿಂದ ಈ ಭೇದ ಕಾಗದದ ಮೇಲಿನದಷ್ಟೇ ಎಂಬ ಆಕ್ಷೇಪವಿದೆ. ಅದು ಅರ್ಧ ಸರಿ. ಫ್ರೆಂಚರಡಿ ಮುಖಂಡ ಬಹುಮಟ್ಟಿಗೆ ಬದಲಾಯಿಸಬಹುದಾದ ನೌಕರ. ಎಮೀರನಿಗಾದರೋ ಸ್ವಂತ ಖಜಾನೆಯಿತ್ತು. ಆದರೆ ಪದ್ಧತಿಯನ್ನು ನಿರ್ಧರಿಸಿದ್ದು ಸಾಮ್ರಾಜ್ಯದ ತತ್ತ್ವಕ್ಕಿಂತ ಹೆಚ್ಚಾಗಿ ಆಯಾ ನೆಲದಲ್ಲಿ ಮೊದಲೇ ಇದ್ದ ಅಧಿಕಾರ ರಚನೆ. ಅರಸೊತ್ತಿಗೆ ಅಪರೂಪವಾಗಿದ್ದ ಆಗ್ನೇಯ ನೈಜೀರಿಯದ ಇಗ್ಬೋ ಸೀಮೆಯಲ್ಲಿ ಬ್ರಿಟಿಷರು ಸನದು ಕೊಟ್ಟು ಮುಖಂಡರನ್ನು ಸೃಷ್ಟಿಸಬೇಕಾಯಿತು. ಹೆಂಗಸರಿಗೂ ತೆರಿಗೆ ಬೀಳುವ ಭೀತಿ ಹಬ್ಬಿದಾಗ, 1929ರಲ್ಲಿ ಸಾವಿರಾರು ಮಹಿಳೆಯರು ಈ ಮುಖಂಡರ ವಿರುದ್ಧವೇ ದಂಗೆಯೆದ್ದರು.