ಪ್ರತಿಸ್ಪಂದಿ ಕ್ರಮವಿಧಿಗಳ ಇತಿಹಾಸ: ಬ್ಯಾಡಗಿ ಪೇಟೆಯ ಲೆಕ್ಕದ ನಿದರ್ಶನದೊಡನೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಇವು ಒಂದೇ ರೈಲುಹಾದಿಯ ಮೇಲೆ ಸಾಲಾಗಿ ನಿಂತಿರುವ ಮೂರು ಪೇಟೆಗಳು. ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಇವುಗಳ ವ್ಯಾಪಾರದಿಂದ ಈ ಸೀಮೆಯ ಜೀವನ ನಡೆದುಬಂದಿದೆ. ಬ್ಯಾಡಗಿಯ ಮೆಣಸಿನಕಾಯಿಗಂತೂ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಇಂಥ ಪೇಟೆಗಳ ದಲಾಲಿ ಅಂಗಡಿಗಳಲ್ಲಿ ಗುಮಾಸ್ತರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ನಿಯಮವೊಂದುಂಟು. ಕಿರ್ದಿಯಲ್ಲಿ ಒಂದು ಅಂಕೆಯನ್ನು ತಿದ್ದಿದರೆ ಅದು ಖತಾವಣಿಗೂ, ಅಲ್ಲಿಂದ ವರ್ಷಾಂತ್ಯದ ಅಢಾವೆ ಪತ್ರಿಕೆಗೂ ತಪ್ಪದೆ ಮುಟ್ಟಬೇಕು. ನಡುವೆ ಎಲ್ಲಿಯಾದರೂ ತಿದ್ದುಪಡಿ ನಿಂತರೆ ಲೆಕ್ಕವೆಲ್ಲ ಸುಳ್ಳಾಗುವುದು. ಗುಮಾಸ್ತನ ಈ ಹೊಣೆಯನ್ನು ಗಣಕಯಂತ್ರಕ್ಕೆ ವಹಿಸುವ ವಿದ್ಯೆಗೆ ಇಂದು 'ರಿಯಾಕ್ಟಿವ್ ಪ್ರೋಗ್ರಾಮಿಂಗ್' ಎಂದು ಹೆಸರು. ನಾವು ಅದನ್ನು ಇಲ್ಲಿ 'ಪ್ರತಿಸ್ಪಂದಿ ಕ್ರಮವಿಧಿ' ಎಂದು ಕರೆಯುತ್ತೇವೆ. ಈ ಕಲ್ಪನೆಯು ಬೆಳೆದುಬಂದ ಬಗೆಯನ್ನೂ, ಮುಕ್ತ ತಂತ್ರಾಂಶಗಳು ಅದನ್ನು ಅಳವಡಿಸಿಕೊಂಡ ಬೇರೆಬೇರೆ ರೀತಿಗಳನ್ನೂ ತೂಗಿನೋಡುವುದು ಪ್ರಸ್ತುತ ಲೇಖನದ ಉದ್ದೇಶ.

೧. ಮೂಲಗಳು

ಸಾಮಾನ್ಯ ಕ್ರಮವಿಧಿಯಲ್ಲಿ 'ಮೊತ್ತವೆಂದರೆ ದರ ಗುಣಿಸು ತೂಕ' ಎಂದು ಬರೆದರೆ, ಆ ಗಣಿತವು ಆ ಕ್ಷಣಕ್ಕೆ ಒಮ್ಮೆ ನಡೆದು ಮುಗಿಯುತ್ತದೆ. ಅನಂತರ ದರ ಬದಲಾದರೂ ಮೊತ್ತವು ಹಳೆಯದಾಗಿಯೇ ಉಳಿಯುವುದು. ಪ್ರತಿಸ್ಪಂದಿ ಕ್ರಮವಿಧಿಯಲ್ಲಾದರೋ ಅದೇ ವಾಕ್ಯವು ಶಾಶ್ವತವಾದ ಸಂಬಂಧವನ್ನು ಹೇಳುತ್ತದೆ; ದರ ಬದಲಾದೊಡನೆ ಮೊತ್ತವೂ ತಾನಾಗಿ ಬದಲಾಗುತ್ತದೆ. ಈ ಕಲ್ಪನೆಯನ್ನು ಸಾಮಾನ್ಯ ಜನರ ಕೈಗೆ ಮೊದಲು ತಲುಪಿಸಿದ್ದು ೧೯೭೯ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ರಚಿಸಿದ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆ. ಒಂದು ಮನೆಯ ಅಂಕೆ ಬದಲಾದರೆ ಅದನ್ನು ಅವಲಂಬಿಸಿದ ಮನೆಗಳನ್ನೂ ಹೊಸದಾಗಿ ಎಣಿಸುವುದು ಅದರ ವಿಶೇಷ.

ಶಾಸ್ತ್ರೀಯ ಚಿಂತನೆ ಬೆಳೆದದ್ದು ಬೇರೊಂದು ಕಡೆಯಿಂದ. ಸುತ್ತಲಿನ ಜಗತ್ತಿಗೆ ಎಡೆಬಿಡದೆ ಓಗೊಡುತ್ತಿರುವ ವ್ಯವಸ್ಥೆಗಳಿಗೆ ಡೇವಿಡ್ ಹರೆಲ್ ಮತ್ತು ಅಮೀರ್ ಪ್ನುಯೆಲಿ ಇವರು ೧೯೮೫ರ ಪ್ರಬಂಧವೊಂದರಲ್ಲಿ 'ಪ್ರತಿಸ್ಪಂದಿ ವ್ಯವಸ್ಥೆ' ಎಂಬ ಹೆಸರಿತ್ತು ವಿವೇಚಿಸಿದರು. ಅದೇ ದಶಕದಲ್ಲಿ ಫ್ರಾನ್ಸಿನಲ್ಲಿ ಎಸ್ಟರೆಲ್, ಲುಸ್ಟರ್ ಎಂಬ ಭಾಷೆಗಳು ರೂಪುಗೊಂಡವು. ಲುಸ್ಟರಿನ ತತ್ತ್ವವನ್ನು ಆಧರಿಸಿದ ಉಪಕರಣಗಳು ಮುಂದೆ ವಿಮಾನಗಳ ನಿಯಂತ್ರಣ ತಂತ್ರಾಂಶದ ರಚನೆಗೂ ಬಳಕೆಯಾದವು.

೨. ಮುಕ್ತ ತಂತ್ರಾಂಶದ ಪಾತ್ರ

೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಗ್ನೂ ಯೋಜನೆಯನ್ನು ಸಾರಿದರು; ೧೯೯೮ರಲ್ಲಿ 'ಓಪನ್ ಸೋರ್ಸ್' ಎಂಬ ಮಾತು ಬಳಕೆಗೆ ಬಂದಿತು. ಕ್ರಮವಿಧಿಯ ಮೂಲಪಾಠವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಈ ಪದ್ಧತಿಯು ನಮ್ಮ ವಿಷಯಕ್ಕೆ ಹೇಗೆ ಸಂಬಂಧಿಸಿತೆಂಬುದನ್ನು ಮೂರು ನಿದರ್ಶನಗಳಿಂದ ನೋಡಬಹುದು.

ಮೊದಲನೆಯದು ಹ್ಯಾಸ್ಕೆಲ್ ಭಾಷೆಯಲ್ಲಿ ರಚಿತವಾದ ಫ್ರಾನ್. ಕೋನಲ್ ಎಲಿಯಟ್ ಮತ್ತು ಪಾಲ್ ಹುಡಕ್ ೧೯೯೭ರಲ್ಲಿ ಪ್ರಕಟಿಸಿದ ಈ ಕೃತಿಯು, ಕಾಲದೊಡನೆ ಬದಲಾಗುವ ಬೆಲೆಯನ್ನೇ ಒಂದು ಮೂಲವಸ್ತುವಾಗಿ ಪರಿಗಣಿಸಿತು. ಕಲ್ಪನೆ ಸೊಗಸಾಗಿದ್ದರೂ ಒಂದು ತೊಡಕು ತಲೆದೋರಿತು: ಹಳೆಯ ಬೆಲೆಗಳ ನೆನಪು ಯಂತ್ರದ ಸ್ಮೃತಿಯಲ್ಲಿ ಕೂಡುತ್ತ ಹೋಗಿ, ಅದನ್ನು ತುಂಬಿಬಿಡುವ ಭಯವಿತ್ತು.

ಎರಡನೆಯದು ಎಲ್ಮ್. ೨೦೧೨ರಲ್ಲಿ ಎವಾನ್ ಚಾಪ್ಲಿಟ್ಸ್ಕಿ ಎಂಬ ವಿದ್ಯಾರ್ಥಿಯು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬರೆದ ಪ್ರಬಂಧದಿಂದ ಹುಟ್ಟಿದ ಈ ಭಾಷೆಯು, ಸಂಕೇತಗಳ ಜಾಲವನ್ನು ಮೊದಲೇ ಸ್ಥಿರಗೊಳಿಸಿ ಆ ತೊಡಕನ್ನು ತಪ್ಪಿಸಿತು. ಆದರೆ ೨೦೧೬ರಲ್ಲಿ, ಕಲಿಯುವವರಿಗೆ ಸುಲಭವಾಗಲೆಂದು, ಅದರ ಕರ್ತೃವೇ ಸಂಕೇತಗಳನ್ನು ಭಾಷೆಯಿಂದ ತೆಗೆದುಹಾಕಿದರು. ಮೂರನೆಯದು ಮೈಕ್ರೋಸಾಫ್ಟಿನಲ್ಲಿ ಎರಿಕ್ ಮೈಯರ್ ಮತ್ತು ಸಂಗಡಿಗರು ನಿರ್ಮಿಸಿದ ಆರ್‌ಎಕ್ಸ್. ಇದರ ಮೂಲಪಾಠವು ೨೦೧೨ರಲ್ಲಿ ಮುಕ್ತವಾಯಿತು. ಮರುವರ್ಷವೇ ನೆಟ್‌ಫ್ಲಿಕ್ಸ್ ಸಂಸ್ಥೆಯು ಅದೇ ಕಲ್ಪನೆಯನ್ನು ಜಾವಾಕ್ಕೆ ತಂದು ಆರ್‌ಎಕ್ಸ್‌ಜಾವಾ ಎಂದು ಹೊರಡಿಸಿತು. ಒಂದು ಸಂಸ್ಥೆಯ ಗೋಡೆಯೊಳಗೆ ಹುಟ್ಟಿದ ವಿಚಾರವು ಹೀಗೆ ಹೊರಗಿನವರ ಕೈಯಲ್ಲಿ ಬೇಗನೆ ಹರಡಿತು.

೩. ಮೂರು ರೀತಿಗಳ ತುಲನೆ

ಇಂದು ವೆಬ್ ಪುಟಗಳ ರಚನೆಗೆ ಬಳಕೆಯಲ್ಲಿರುವ ಮುಕ್ತ ಉಪಕರಣಗಳಲ್ಲಿ ರಿಯಾಕ್ಟ್ (೨೦೧೩), ವ್ಯೂ (೨೦೧೪), ಸ್ವೆಲ್ಟ್ (೨೦೧೬) ಇವು ಮೂರು ಬೇರೆಬೇರೆ ಮಾರ್ಗಗಳಿಗೆ ಪ್ರತಿನಿಧಿಗಳಾಗಿವೆ. ರಿಯಾಕ್ಟ್, ಬದಲಾವಣೆಯಾದ ಭಾಗದಿಂದ ಕೆಳಕ್ಕೆ ಪುಟದ ಚಿತ್ರವನ್ನು ಹೊಸದಾಗಿ ರಚಿಸಿ, ಹಳೆಯದರೊಡನೆ ಹೋಲಿಸಿ, ವ್ಯತ್ಯಾಸವನ್ನಷ್ಟೇ ತಿದ್ದುತ್ತದೆ. ಇದು ಹಾಳೆಯನ್ನೇ ಮರುಬರೆದು ಹಳೆಯ ಪ್ರತಿಗೆ ತಾಳೆನೋಡುವ ಗುಮಾಸ್ತನ ರೀತಿ. ನಂಬಬಹುದು, ಆದರೆ ಶ್ರಮ ಹೆಚ್ಚು. ವ್ಯೂ, ಯಾವ ಅಂಕೆಯನ್ನು ಯಾರು ಓದಿದರೆಂಬುದನ್ನು ನಡೆಯುವ ಕಾಲದಲ್ಲಿಯೇ ಗುರುತಿಟ್ಟುಕೊಂಡು, ಬದಲಾದಾಗ ಅವರಿಗೆ ಮಾತ್ರ ಸುದ್ದಿ ಕಳಿಸುತ್ತದೆ. ೨೦೧೯ರ ಸ್ವೆಲ್ಟ್, ಅವಲಂಬನೆಗಳನ್ನು ಕ್ರಮವಿಧಿಯ ಪಾಠದಿಂದಲೇ ಮೊದಲು ಓದಿ ಅನುಕ್ರಮವನ್ನು ಗೊತ್ತುಪಡಿಸುತ್ತಿತ್ತು. ೨೦೨೪ರ ಐದನೆಯ ಆವೃತ್ತಿಯಲ್ಲಿ ಅದೂ ನಡೆಯುವ ಕಾಲದ ಸಂಕೇತಗಳ ಕಡೆಗೆ ತಿರುಗಿತು.

ಈ ಸಂದರ್ಭದಲ್ಲಿ ೨೦೧೭ರ ಒಂದು ಪ್ರಸಂಗವು ಗಮನಾರ್ಹ. ರಿಯಾಕ್ಟಿನ ಪರವಾನಗಿಯಲ್ಲಿ ಪೇಟೆಂಟುಗಳನ್ನು ಕುರಿತ ಒಂದು ಷರತ್ತಿತ್ತು. ಅಪಾಚೆ ಪ್ರತಿಷ್ಠಾನವು ಅದನ್ನು ತನ್ನ ಯೋಜನೆಗಳಿಗೆ ಒಪ್ಪಲಿಲ್ಲ. ಬಳಸುವವರಲ್ಲಿಯೂ ಅಸಮಾಧಾನ ಬೆಳೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಸಂಸ್ಥೆಯು ಷರತ್ತನ್ನು ಬಿಟ್ಟು, ಸರಳವಾದ ಎಂಐಟಿ ಪರವಾನಗಿಯನ್ನು ಅಂಗೀಕರಿಸಿತು. ಮೂಲಪಾಠವು ಕಣ್ಣಿಗೆ ಬಿದ್ದರೆ ಸಾಲದು, ಅದನ್ನು ಬಳಸುವ ಹಕ್ಕೂ ನಿಸ್ಸಂದಿಗ್ಧವಾಗಿರಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

೪. ಕ್ಷಣಿಕ ಅಸಂಗತಿ

ಈ ಮಾರ್ಗಗಳ ಗುಣದೋಷವನ್ನು ಅಳೆಯಲು ಒಂದು ಒರೆಗಲ್ಲುಂಟು. ದೃಷ್ಟಾಂತಕ್ಕಾಗಿ ಮೆಣಸಿನಕಾಯಿಯ ದರವು ಕ್ವಿಂಟಲಿಗೆ ೨೦,೦೦೦ ರೂಪಾಯಿ, ತೂಕ ೩ ಕ್ವಿಂಟಲ್, ಖರೀದಿದಾರನು ತೆರುವ ಶುಲ್ಕ ನೂರಕ್ಕೆ ೧ ಎಂದು ಭಾವಿಸೋಣ. ಮೊತ್ತ ೬೦,೦೦೦, ಶುಲ್ಕ ೬೦೦, ಒಟ್ಟು ೬೦,೬೦೦. ಈಗ ದರವು ೧೮,೦೦೦ಕ್ಕೆ ಇಳಿಯಿತೆನ್ನಿ. ಮೊತ್ತವು ೫೪,೦೦೦ ಆಗುತ್ತದೆ. 'ಒಟ್ಟು' ಎಂಬುದು ಮೊತ್ತವನ್ನೂ ಶುಲ್ಕವನ್ನೂ ಅವಲಂಬಿಸಿದೆ. ಶುಲ್ಕವು ಮತ್ತೆ ಮೊತ್ತವನ್ನೇ ಅವಲಂಬಿಸಿದೆ. ಮೊತ್ತದ ಸುದ್ದಿಯು ಶುಲ್ಕಕ್ಕಿಂತ ಮೊದಲೇ 'ಒಟ್ಟಿ'ಗೆ ಮುಟ್ಟಿದರೆ ಹೊಸ ಮೊತ್ತಕ್ಕೆ ಹಳೆಯ ಶುಲ್ಕ ಕೂಡಿ ೫೪,೬೦೦ ಎಂದು ತೋರುವುದು. ಸರಿಯಾದ ಅಂಕೆಯಾದರೋ ೫೪,೫೪೦. ಒಂದು ಗಳಿಗೆಯಲ್ಲಿ ತಪ್ಪು ತಾನಾಗಿ ಸರಿಹೋಗುವುದೇನೋ ನಿಜ. ಆದರೆ ಆ ಗಳಿಗೆಯಲ್ಲಿಯೇ ಚೀಟಿ ಅಚ್ಚಾದರೆ ೬೦ ರೂಪಾಯಿಯ ತಪ್ಪು ಕಾಗದದ ಮೇಲೆ ನಿಲ್ಲುತ್ತದೆ.

ಆರ್‌ಎಕ್ಸ್ ಮಾದರಿಯಲ್ಲಿ ಎರಡು ಹರಿವುಗಳನ್ನು ಕೂಡಿಸುವಾಗ ಈ ದೋಷವು ಸಂಭವಿಸುತ್ತದೆ. ಅದನ್ನು ತಡೆಯುವುದು ಬರೆಯುವವನ ಹೊಣೆ. ವ್ಯೂ ಉಪಕರಣವು 'ಒಟ್ಟ'ನ್ನು ಕೇಳಿದಾಗ ಮಾತ್ರ ಎಣಿಸುವುದರಿಂದ ದೋಷವು ತಪ್ಪುತ್ತದೆ. ಸ್ವೆಲ್ಟಿನ ಹಳೆಯ ರೀತಿಯಲ್ಲಿ, ಅವಲಂಬಿತವಾದುದನ್ನು ಅದರ ಆಧಾರದ ಅನಂತರವೇ ಎಣಿಸುವ ಅನುಕ್ರಮವು ಅದನ್ನು ಪರಿಹರಿಸುತ್ತಿತ್ತು. ಕಿರ್ದಿ ಮೊದಲು, ಖತಾವಣಿ ಆಮೇಲೆ, ಅಢಾವೆ ಕೊನೆಗೆ ಎಂಬ ಗುಮಾಸ್ತನ ಶಿಸ್ತೂ ಇದೇ ಅಲ್ಲವೆ?

೫. ಪೇಟೆಗೆ ಮರಳಿ

ಬಾಯಿಮಾತಿನ ಸವಾಲಿನಲ್ಲಿ ಒಬ್ಬನು ಕೂಗಿದ ಬೆಲೆಗೆ ಮತ್ತೊಬ್ಬನು ಒಡನೆಯೇ ಓಗೊಡುತ್ತಾನೆ. ಅದು ತುಂಬಿದ ಸಭೆಯಲ್ಲಿ ನಡೆಯುವ ಪ್ರತಿಸ್ಪಂದನ. ಟೆಂಡರಿನಲ್ಲಿ ಬೆಲೆಗಳು ಮುಚ್ಚಿದ್ದು, ಗೊತ್ತಾದ ವೇಳೆಗೆ ಒಮ್ಮೆಲೇ ತೆರೆದು ಎಣಿಕೆಯಾಗುತ್ತವೆ. ೨೦೧೪ರಲ್ಲಿ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯು ಆರಂಭವಾದ ಮೇಲೆ ಇ-ಟೆಂಡರು ರಾಜ್ಯದ ಪೇಟೆಗಳಲ್ಲಿ ಹರಡಿತು. ಬ್ಯಾಡಗಿಯಲ್ಲಿಯೂ ಮೆಣಸಿನಕಾಯಿಯು ಇ-ಟೆಂಡರಿನ ಮೂಲಕವೇ ಮಾರಾಟವಾಗುತ್ತದೆ. ಹಿಂದೆ ಕಿವಿಗೆ ಕೇಳುತ್ತಿದ್ದ ಬೆಲೆಯ ಏರಿಳಿತವು ಈಗ ಪರದೆಯ ಮೇಲೆ ಫಲಿತಾಂಶವಾಗಿ ಮಾತ್ರ ಕಾಣುತ್ತದೆ.

೨೦೨೪ರ ಮಾರ್ಚ್ ೧೧ರಂದು, ದರ ಕುಸಿದುದರಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ದರದ ಕುಸಿತವನ್ನು ಯಾವ ಕ್ರಮವಿಧಿಯೂ ತಡೆಯಲಾರದು. ಆ ದುರ್ಘಟನೆಯನ್ನು ತಂತ್ರಾಂಶದ ತಲೆಗೆ ಕಟ್ಟುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಒಂದು ಕುಟುಂಬದ ವರ್ಷದ ದುಡಿಮೆಯು ಪರದೆಯ ಒಂದು ಅಂಕೆಯಲ್ಲಿ ನಿರ್ಧಾರವಾಗುವಾಗ, ಆ ಅಂಕೆ ಎಲ್ಲಿಂದ ಬಂದಿತೆಂದು ಕೇಳುವ ಹಕ್ಕು ಆ ಕುಟುಂಬಕ್ಕೆ ಇರಬೇಕೆಂಬುದರಲ್ಲಿ ಸಂದೇಹವಿಲ್ಲ. ಕಿರ್ದಿಯ ಪುಟವನ್ನು ತೆರೆದು ತೋರಿಸೆಂದು ಅಂಗಡಿಯವನನ್ನು ಕೇಳುವುದು ಈ ಸೀಮೆಯಲ್ಲಿ ಹೊಸ ಮಾತಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಅಂಕೆಯು ತಾನಾಗಿ ಬದಲಾಗುವಂತೆ ಮಾಡುವುದು ಪ್ರತಿಸ್ಪಂದಿ ಕ್ರಮವಿಧಿಯ ಸಾಧನೆ. ಅದು ಬದಲಾದ ಬಗೆಯನ್ನು ಪರೀಕ್ಷಿಸಲು ಅವಕಾಶವೀಯುವುದು ಮುಕ್ತ ತಂತ್ರಾಂಶದ ಸಾಧನೆ. ಮೊದಲನೆಯದು ಎರಡನೆಯದಿಲ್ಲದೆ ವೇಗವನ್ನು ಕೊಟ್ಟೀತು, ವಿಶ್ವಾಸವನ್ನು ಕೊಡಲಾರದು. ಮೇಲೆ ಹೇಳಿದ ದರ, ಶುಲ್ಕ, ಒಟ್ಟುಗಳ ಚಿಕ್ಕ ಲೆಕ್ಕವನ್ನು ನಾಲ್ಕೂ ಉಪಕರಣಗಳಲ್ಲಿ ಬರೆದು, ೫೪,೬೦೦ ಎಂಬ ಸುಳ್ಳು ಅಂಕೆಯು ಎಲ್ಲಿ ಇಣುಕುವುದೆಂದು ಕಾಣುವುದು ಒಂದು ಮಧ್ಯಾಹ್ನದ ಕೆಲಸ. ಹಾವೇರಿ, ರಾಣೆಬೆನ್ನೂರುಗಳ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಂಡರೆ, ಪಕ್ಕದ ಪೇಟೆಯ ಲೆಕ್ಕವನ್ನು ಪರೀಕ್ಷಿಸಬಲ್ಲವರು ಈ ಸೀಮೆಯಲ್ಲಿಯೇ ಸಿದ್ಧರಾಗುವರು.