ಮಯಾಮಿಯಲ್ಲಿ ನಿಝಾಮಿ

1970ರ ನವೆಂಬರಿನಲ್ಲಿ ಹೊರಬಂದ 'ಲೈಲಾ ಆ್ಯಂಡ್ ಅದರ್ ಅಸಾರ್ಟೆಡ್ ಲವ್ ಸಾಂಗ್ಸ್' ಎಂಬ ಜೋಡಿ ಎಲ್‌ಪಿ ರೆಕಾರ್ಡ್ ಬ್ಲೂಸ್ ರಾಕ್ ಸಂಗೀತದ ಮೇರುಕೃತಿಗಳಲ್ಲೊಂದು. ಡೆರೆಕ್ ಆ್ಯಂಡ್ ದ ಡೊಮಿನೋಸ್ ಎಂಬ ತಂಡ ಅದನ್ನು ಮಯಾಮಿ ನಗರದ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿತು. ಅದರ 'ಐ ಆ್ಯಮ್ ಯುವರ್ಸ್' ಹಾಡಿಗೆ ಇಬ್ಬರು ಕರ್ತೃಗಳು. ಒಬ್ಬ ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್. ಇನ್ನೊಬ್ಬ 1188ರಲ್ಲಿ 'ಲೈಲಾ-ಮಜ್ನೂನ್' ಮಸ್ನವಿ ಬರೆದ ಪಾರಸಿ ಕವಿ, ಗಂಜಾ ಪಟ್ಟಣದ ನಿಝಾಮಿ!

ಈ ಇಬ್ಬರೂ ಒಂದೆಡೆ ಸೇರಿದ್ದು ಹೇಗೆ? ಸ್ಕಾಟ್ಲೆಂಡಿನ ನಾಟಕಕಾರ ಇಯಾನ್ ಡಲ್ಲಾಸ್ 1967ರಲ್ಲಿ ಮೊರೊಕ್ಕೊದಲ್ಲಿ ಇಸ್ಲಾಮ್ ಸ್ವೀಕರಿಸಿದ್ದರು. ಮುಂದೆ ಶೇಖ್ ಅಬ್ದುಲ್ ಖಾದಿರ್ ಅಸ್ಸೂಫಿ ಎಂದು ಹೆಸರಾಗಿ 2021ರಲ್ಲಿ ತೀರಿಕೊಂಡ ಅವರೇ ಕ್ಲಾಪ್ಟನ್‌ಗೆ ಈ ಕಥೆಯನ್ನು ಪರಿಚಯಿಸಿದವರು. ಆಗ ಕ್ಲಾಪ್ಟನ್ ತನ್ನ ಆಪ್ತ ಗೆಳೆಯ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ನ ಪತ್ನಿ ಪ್ಯಾಟಿ ಬಾಯ್ಡ್‌ಳನ್ನು ಪ್ರೀತಿಸಿ ಕಂಗೆಟ್ಟಿದ್ದ. ಅರಬ್ ಮರುಭೂಮಿಯ ಹುಚ್ಚನಲ್ಲಿ ಆತ ತನ್ನನ್ನೇ ಕಂಡುಕೊಂಡ.

'ಲೈಲಾ' ಹಾಡು ಏಳು ನಿಮಿಷದ್ದು. ಮೊದಲ ಮೂರು ನಿಮಿಷ ಗಿಟಾರುಗಳು ಒಂದರ ಮೇಲೊಂದು ಬಿದ್ದು ಕೂಗುತ್ತವೆ. ಅವುಗಳ ನಡುವೆ ಗಂಟಲು ಹರಿಯುವಂತೆ ಕ್ಲಾಪ್ಟನ್ ಅಂಗಲಾಚುತ್ತಾನೆ. ಥಟ್ಟನೆ ಎಲ್ಲ ಅಡಗಿ, ಪಿಯಾನೋ ಶುರುವಾಗುತ್ತದೆ. ಅದರ ಮೇಲೆ ಡುವೇನ್ ಆಲ್‌ಮನ್‌ನ ಸ್ಲೈಡ್ ಗಿಟಾರ್ ತೇಲುತ್ತದೆ. ಬೆರಳಿಗೆ ಔಷಧಿಯ ಗಾಜಿನ ಸೀಸೆ ತೊಟ್ಟು ತಂತಿಯ ಮೇಲೆ ಜಾರಿಸುವ ಅವನ ವಾದನ ನಮ್ಮ ಮೀಂಡ್ ಅನ್ನು ನೆನಪಿಸುತ್ತದೆ. ಮರುವರ್ಷವೇ, 24ರ ವಯಸ್ಸಿನಲ್ಲಿ, ಆಲ್‌ಮನ್ ಮೋಟಾರ್ ಸೈಕಲ್ ಅಪಘಾತದಲ್ಲಿ ಸತ್ತ.

ಆ ಪಿಯಾನೋ ಭಾಗಕ್ಕೆ ಡ್ರಮ್ ವಾದಕ ಜಿಮ್ ಗಾರ್ಡನ್‌ನ ಹೆಸರಿದೆ. ಅದರ ರಚನೆಯಲ್ಲಿ ತನ್ನ ಪಾಲೂ ಇತ್ತೆಂದು ಗಾಯಕಿ ರೀಟಾ ಕೂಲಿಜ್ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾಳೆ. ಡೊಮಿನೋಸ್ ತಂಡದ ಬಾಬಿ ವಿಟ್‌ಲಾಕ್ ಕೂಡಾ ಅದನ್ನು ಒಪ್ಪಿದ್ದ. ಎಂಟುನೂರು ವರ್ಷ ಹಿಂದಿನ ಕವಿಗೆ ಸಿಕ್ಕ ಜಾಗ ಸಮಕಾಲೀನ ಹೆಣ್ಣಿಗೆ ಸಿಗಲಿಲ್ಲ.

ಇನ್ನೂ ಒಂದು ಹೆಣ್ಣಿನ ದನಿ ಇಲ್ಲಿಲ್ಲ. ನಿಝಾಮಿಯ ಲೈಲಾ ಸ್ವತಃ ಕವಿ. ಮಜ್ನೂನ್‌ನ ಪದ್ಯಕ್ಕೆ ಪದ್ಯದಲ್ಲೇ ಉತ್ತರ ಬರೆದು ಗಾಳಿಯ ಕೈಗೆ ಒಪ್ಪಿಸುತ್ತಾಳೆ. ಈ ರೆಕಾರ್ಡಿನ ಲೈಲಾಳಿಗೆ ಬಾಯೇ ಇಲ್ಲ. ಪ್ಯಾಟಿ ಬಾಯ್ಡ್ ತನ್ನ ಕಥೆಯನ್ನು ತಾನೇ ಪುಸ್ತಕವಾಗಿ ಹೇಳಿಕೊಂಡದ್ದು 37 ವರ್ಷಗಳ ನಂತರ, 2007ರಲ್ಲಿ.

ಹೆಸರೇ ಉಳಿಯದವರ ಋಣ ಅದಕ್ಕಿಂತ ದೊಡ್ಡದು. ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಹೊಲಗಳಲ್ಲಿ, ಕರಿಯರ ಬೆವರಿನಲ್ಲಿ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರಲ್ಲಿ ಮುಸ್ಲಿಮರೂ ಇದ್ದರು. ಅವರಲ್ಲೊಬ್ಬನಾದ ಉಮರ್ ಇಬ್ನ್ ಸಯೀದ್ 1831ರಲ್ಲಿ ಗುಲಾಮನಾಗಿದ್ದುಕೊಂಡೇ ಅರಬಿಯಲ್ಲಿ ಆತ್ಮಕಥೆ ಬರೆದ. ಹೊಲದ ಕೂಲಿಗಳ ಕೂಗು-ಹಾಡಿಗೂ ಅಝಾನಿಗೂ ಇರುವ ಹೋಲಿಕೆಯನ್ನು ಇತಿಹಾಸಕಾರ್ತಿ ಸಿಲ್ವಿಯಾನ್ ಡಿಯೂಫ್ ಎತ್ತಿ ತೋರಿಸಿದ್ದಾರೆ. ಇದು ಒಂದು ವಾದ ಮಾತ್ರ. ಆದರೆ ಇದೇ ರೆಕಾರ್ಡಿನ 'ಹ್ಯಾವ್ ಯೂ ಎವರ್ ಲವ್ಡ್ ಎ ವುಮನ್' ಹಾಡಿನಲ್ಲಿ ಒಂದೇ ಅಕ್ಷರವನ್ನು ಎಳೆದು, ನಡುಗಿಸಿ, ಇಳಿಸುವಾಗ ಆ ವಾದ ನೆನಪಾಗದೆ ಇರದು. ಕರಿಯ ಗಾಯಕ ಫ್ರೆಡಿ ಕಿಂಗ್‌ನಿಂದ ಪ್ರಸಿದ್ಧವಾದ ಹಾಡದು.

ಇಷ್ಟೆಲ್ಲ ಪಡೆದುಕೊಂಡವನು ಮುಂದೇನು ಮಾಡಿದ? 1976ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯಲ್ಲಿ, ಕುಡಿದ ಅಮಲಿನಲ್ಲಿ, ವಲಸೆ ಬಂದವರು ಇಂಗ್ಲೆಂಡ್ ಬಿಟ್ಟು ತೊಲಗಬೇಕೆಂದು ಕ್ಲಾಪ್ಟನ್ ಅಬ್ಬರಿಸಿದ. ವಲಸಿಗರ ವಿರೋಧಿ ರಾಜಕಾರಣಿ ಈನಾಕ್ ಪೊವೆಲ್‌ನನ್ನು ಬೆಂಬಲಿಸಿದ. ಇದನ್ನು ಪ್ರತಿಭಟಿಸಿಯೇ 'ರಾಕ್ ಅಗೇನ್ಸ್ಟ್ ರೇಸಿಸಂ' ಚಳವಳಿ ಹುಟ್ಟಿತು. ತನಗೆ ನಾಚಿಕೆಯಾಗುತ್ತಿದೆ ಎಂದು ಕ್ಲಾಪ್ಟನ್ ಹೇಳಿಕೊಂಡದ್ದು ಬಹಳ ವರ್ಷಗಳ ಮೇಲೆ.

ಸತ್ತ ಕವಿಯನ್ನು ಪ್ರೀತಿಸುವುದು ಸುಲಭ. ಅವನು ನಮ್ಮ ಬೀದಿಯಲ್ಲಿ ಮನೆ ಕೇಳುವುದಿಲ್ಲ, ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂರುವುದಿಲ್ಲ. ಗಝಲಿಗೆ 'ವಾಹ್' ಎನ್ನುವವರೇ ಬಾಡಿಗೆಗೆ ಬಂದವನ ಹೆಸರು ಕೇಳಿ ಬಾಗಿಲು ಮುಚ್ಚುವುದನ್ನು ನಾವೂ ಬಲ್ಲೆವು. ಹಾಗೆಂದು ಈ ರೆಕಾರ್ಡನ್ನು ಬಿಸಾಡಬೇಕಿಲ್ಲ. ಅದರಲ್ಲಿರುವ ದುಃಖ ಕ್ಲಾಪ್ಟನ್ ಒಬ್ಬನದೇ ಅಲ್ಲ. ಕೇಳುವಾಗ ಹೆಸರಿದ್ದವರ ಜೊತೆಗೆ ಹೆಸರಿಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಂಡರಾಯಿತು.