ಉದ್ಯಾನವೂ ದತ್ತಾಪಹಾರವೂ

ನಮ್ಮ ಪೂರ್ವಿಕರು ಧರ್ಮಕಾರ್ಯಗಳನ್ನು ಇಷ್ಟವೆಂದೂ ಪೂರ್ತವೆಂದೂ ಎರಡಾಗಿ ವಿಂಗಡಿಸಿದ್ದರು. ಯಜ್ಞಾದಿಗಳು ಇಷ್ಟ, ಬಾವಿ, ಕೆರೆ, ದೇವಾಲಯ, ಅನ್ನಸತ್ರ, ಆರಾಮ ಇವುಗಳನ್ನು ಲೋಕಕ್ಕಾಗಿ ಮಾಡಿಸುವುದು ಪೂರ್ತ. ಆರಾಮವೆಂದರೆ ದಣಿದವರಿಗೆ ನೆರಳನ್ನೀಯುವ ತೋಪು. ಒಮ್ಮೆ ಹೀಗೆ ಕೊಟ್ಟುದನ್ನು ಮರಳಿ ತೆಗೆದುಕೊಳ್ಳುವುದಕ್ಕೆ ದತ್ತಾಪಹಾರವೆಂದು ಹೆಸರು. ತಾನಿತ್ತುದಾಗಲಿ ಪರರಿತ್ತುದಾಗಲಿ, ದತ್ತವಾದ ಭೂಮಿಯನ್ನು ಅಪಹರಿಸಿದವನಿಗೆ ಒದಗುವ ದುರ್ಗತಿಯನ್ನು ನಾಡಿನ ಎಷ್ಟೋ ದಾನಶಾಸನಗಳು ಕೊನೆಯಲ್ಲಿ ಸಾರುತ್ತವೆ. ಕೊಟ್ಟವನೇ ಕಿತ್ತುಕೊಳ್ಳುವ ಸಂಭವವುಂಟೆಂಬುದನ್ನು ಶಾಸನ ಬರೆಯಿಸಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಈ ಕಾಲದಲ್ಲಿ ಭೂಮಿಯನ್ನು ಲೋಕಕ್ಕೆ ಬಿಡುವವರು ಅರಸರಲ್ಲ. ಪುರಸಭೆಗಳು, ಅಭಿವೃದ್ಧಿ ಪ್ರಾಧಿಕಾರಗಳು, ಸರ್ಕಾರದವರು. ಇವರು ನಕಾಶೆಯಲ್ಲಿ ಒಂದು ತುಂಡು ನೆಲಕ್ಕೆ ಹಸುರು ಬಣ್ಣ ಬಳಿದು ಇದು ಉದ್ಯಾನಕ್ಕೆ ಮೀಸಲೆಂದು ನಿರ್ಣಯಿಸುತ್ತಾರೆ. ಹಾಗೆ ನಿರ್ಣಯಿಸಿದವರೇ ಮುಂದೊಂದು ದಿನ ಅದನ್ನು ಬೇರೊಬ್ಬರಿಗೆ ಕೊಡಬಹುದೇ? ಈ ಪ್ರಶ್ನೆಯ ಚರಿತ್ರೆಯನ್ನು ವಾಚಕ ಮಹಾಶಯರ ಮುಂದೆ ಸಂಕ್ಷೇಪವಾಗಿ ಇಡುವುದೇ ಈ ಲೇಖನದ ಉದ್ದೇಶ.

ಉದ್ಯಾನದ ಕಥೆಯನ್ನು ನಮ್ಮ ಸೀಮೆಯಿಂದಲೇ ಆರಂಭಿಸಬಹುದು. ಮೊಗಲರ ಆಳಿಕೆಯಲ್ಲಿ ಸುಬೆಯ ರಾಜಧಾನಿಯಾಗಿದ್ದ ಶಿರಾದಲ್ಲಿ ಖಾನ್ ಬಾಗ್ ಎಂಬ ತೋಟವಿದ್ದಿತು. ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆ ದೊರೆತುದು ಈ ತೋಟದಿಂದಲೇ ಇರಬಹುದೆಂದು ರೈಸ್ ಸಾಹೇಬರ ಗೆಜೆಟಿಯರು ಊಹಿಸುತ್ತದೆ. ಹೈದರಾಲಿಯು 1760ರಲ್ಲಿ ಲಾಲ್‌ಬಾಗನ್ನು ಆರಂಭಿಸಿದನು. 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. 1870ರಲ್ಲಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ಸುಮಾರು 100 ಎಕರೆಯಲ್ಲಿ ಕಬ್ಬನ್ ಪಾರ್ಕು ತಲೆಯೆತ್ತಿತು. ಅರಸರ ವಿಹಾರಕ್ಕಿದ್ದ ತೋಟವು ಕ್ರಮೇಣ ಸರ್ವಜನರ ಸ್ವತ್ತಾಯಿತು.

1898ರಲ್ಲಿ ಪ್ಲೇಗುಮಾರಿಯು ಬೆಂಗಳೂರಿನ ಪೇಟೆಯನ್ನು ಹೊಕ್ಕಾಗ, ಇಕ್ಕಟ್ಟಾದ ಬೀದಿಗಳಲ್ಲಿ ಗಾಳಿಬೆಳಕುಗಳಿಲ್ಲದೆ ಬಾಳುವುದರ ಅಪಾಯವು ಎಲ್ಲರಿಗೂ ಮನವರಿಕೆಯಾಯಿತು. ಬಸವನಗುಡಿ, ಮಲ್ಲೇಶ್ವರ ಮೊದಲಾದ ಬಡಾವಣೆಗಳು ಅಗಲವಾದ ರಸ್ತೆಗಳೊಡನೆಯೂ ಬಯಲುಗಳೊಡನೆಯೂ ಬೆಳೆದುವು. ಬಡಾವಣೆಯೆಂದರೆ ಬರಿಯ ನಿವೇಶನಗಳ ಸಾಲಲ್ಲ, ಉಸಿರಾಡಲು ಬಿಟ್ಟ ನೆಲವೂ ಅದರ ಅಂಗವೆಂಬ ತತ್ತ್ವವು ಹೀಗೆ ಬೇರೂರಿತು. ಆ ಬಳಿಕ 1945ರ ನಗರಾಭಿವೃದ್ಧಿ ಕಾಯಿದೆಯೂ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯೂ ಬಂದುವು. ವಾಸಕ್ಕೆ ಇಷ್ಟು, ವ್ಯಾಪಾರಕ್ಕೆ ಇಷ್ಟು, ಕೈಗಾರಿಕೆಗೆ ಇಷ್ಟು, ಉದ್ಯಾನಕ್ಕೆ ಇಷ್ಟು ಎಂದು ನೆಲವನ್ನು ವಲಯಗಳಾಗಿ ವಿಂಗಡಿಸುವ ಪದ್ಧತಿಗೆ ಕಾನೂನಿನ ಬಲವು ದೊರೆಯಿತು.

ಆದರೆ ನಕಾಶೆಯ ಬಣ್ಣವು ಎಷ್ಟು ಗಟ್ಟಿಯೆಂಬುದು ಪರೀಕ್ಷೆಗೆ ಬಂದುದು 1976ರಲ್ಲಿ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಒಂದು ನಿವೇಶನವನ್ನು, ಸರ್ಕಾರದ ಆಜ್ಞೆಯ ಮೇರೆಗೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಆಸ್ಪತ್ರೆ ಕಟ್ಟುವುದಕ್ಕಾಗಿ ಖಾಸಗಿಯಾದ ವೈದ್ಯಕೀಯ ಟ್ರಸ್ಟೊಂದಕ್ಕೆ ಮಂಜೂರು ಮಾಡಿತು. ನಿವಾಸಿಗಳು ಹೈಕೋರ್ಟಿನ ಮೊರೆಹೊಕ್ಕರು. ಮೊದಲು ಒಬ್ಬ ನ್ಯಾಯಾಧೀಶರು ಅರ್ಜಿಯನ್ನು ತಳ್ಳಿಹಾಕಿದರು. ಮೇಲ್ಮನವಿಯಲ್ಲಿ ವಿಭಾಗ ಪೀಠವು ನಿವಾಸಿಗಳ ಪಕ್ಷವನ್ನು ಎತ್ತಿಹಿಡಿಯಿತು. ಟ್ರಸ್ಟಿನವರು ದೆಹಲಿಯವರೆಗೆ ಹೋದರು.

ಇಲ್ಲಿ ಸಹೃದಯರಿಗೂ ಒಂದು ಸಂದೇಹವು ಹುಟ್ಟೀತು. ಆಸ್ಪತ್ರೆಯೂ ಪುಣ್ಯಕಾರ್ಯವಲ್ಲವೇ? ಹೂಗಿಡಗಳಿಗಿಂತ ರೋಗಿಗಳ ಶುಶ್ರೂಷೆ ಮೇಲಲ್ಲವೇ? 1991ನೆಯ ಜುಲೈ ತಿಂಗಳಲ್ಲಿ ನ್ಯಾಯಮೂರ್ತಿ ತೊಮ್ಮೆನ್ ಮತ್ತು ನ್ಯಾಯಮೂರ್ತಿ ಸಹಾಯ್ ಅವರು ಕೊಟ್ಟ ಸುಪ್ರೀಂಕೋರ್ಟಿನ ತೀರ್ಪು ಈ ಸಂದೇಹಕ್ಕೆ ಉತ್ತರವಿತ್ತಿತು. ಉದ್ಯಾನವು ಸರ್ವರಿಗೂ ತೆರೆದುದು, ಖಾಸಗಿ ಆಸ್ಪತ್ರೆಯು ಹಾಗಲ್ಲ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಯೋಜನೆಯನ್ನು ಮಾರ್ಪಡಿಸುವ ಅಧಿಕಾರವು ಅದನ್ನು ಉತ್ತಮಗೊಳಿಸುವುದಕ್ಕಾಗಿ ಇರುವುದೇ ಹೊರತು ಅದರ ಮೂಲೋದ್ದೇಶವನ್ನು ಕೆಡಿಸುವುದಕ್ಕಲ್ಲ. ಸರ್ಕಾರದ ಆದೇಶವೂ ಕಾಯಿದೆಯ ಉದ್ದೇಶಕ್ಕೆ ಒಳಪಟ್ಟಿರತಕ್ಕುದು. ಸ್ವಂತ ಸ್ವತ್ತಿಗೆ ನಷ್ಟವಾಗದ ನಿವಾಸಿಗಳಿಗೆ ಕೇಳುವ ಹಕ್ಕೆಲ್ಲಿಯದು ಎಂಬ ಆಕ್ಷೇಪವೂ ನಿಲ್ಲಲಿಲ್ಲ. ಹಿಂದೆ ಸಿರಿವಂತರ ಸೊತ್ತಾಗಿದ್ದ ಉದ್ಯಾನವು ಈಗ ಜನರು ತಮಗೆ ತಾವೇ ಕೊಟ್ಟುಕೊಂಡ ಕೊಡುಗೆಯೆಂಬುದು ಆ ತೀರ್ಪಿನ ಭಾವ. ದತ್ತಾಪಹಾರವು ಕೊಟ್ಟವನಿಗೂ ಸಲ್ಲದೆಂಬ ಪ್ರಾಚೀನ ವಚನಕ್ಕೂ ಈ ತೀರ್ಪಿಗೂ ಅಂತರವೇನಿದೆ?

ಶಾಸನಸಭೆಯೂ ಈ ನಡುವೆ ಸುಮ್ಮನಿರಲಿಲ್ಲ. 1975ರ ಕಾಯಿದೆಯು ಕಬ್ಬನ್ ಪಾರ್ಕು ಹಾಗೂ ಲಾಲ್‌ಬಾಗಿಗೆ ರಕ್ಷಣೆಯನ್ನಿತ್ತಿತು. 1984ರ ತಿದ್ದುಪಡಿಯು ಬೆಂಗಳೂರು ಪ್ರಾಧಿಕಾರದ ಬಡಾವಣೆಗಳಲ್ಲಿ ನೂರಕ್ಕೆ 15ಕ್ಕೆ ಕಡಿಮೆಯಿಲ್ಲದ ನೆಲವನ್ನು ಉದ್ಯಾನಕ್ಕೂ ಆಟದ ಬಯಲಿಗೂ ಬಿಡಬೇಕೆಂದು ವಿಧಿಸಿ, ಅದನ್ನು ಬೇರೆಯವರಿಗೆ ಕೊಟ್ಟರೆ ಆ ಕ್ರಮವೇ ಅಸಿಂಧುವೆಂದು ಸಾರಿತು. 1985ರಲ್ಲಿ ಉದ್ಯಾನಗಳನ್ನೂ ಬಯಲುಗಳನ್ನೂ ಕಾಪಾಡುವುದಕ್ಕೆ ಪ್ರತ್ಯೇಕವಾದ ಕಾಯಿದೆಯಾಯಿತು. ನೆಲದ ಬಳಕೆಯನ್ನು ಬದಲಿಸುವ ಮೊದಲು ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಬೇಕೆಂಬ ವಿಧಿಯೂ ಯೋಜನಾ ಕಾಯಿದೆಯಲ್ಲಿ ಸೇರಿತು.

ಇದೆಲ್ಲವೂ ರಾಜಧಾನಿಯ ಮಾತು. ಕ್ಯಾತಗಾನಚೆರ್ಲು ಮೊದಲಾದ ನಮ್ಮ ಗ್ರಾಮಗಳಿಗೆ ಇದರಿಂದೇನೆಂದು ಕೇಳಬಹುದು. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ಬರಡು ಸೀಮೆಯಲ್ಲಿ ಹಳ್ಳಿಯ ಉದ್ಯಾನವೆಂದರೆ ಗುಂಡುತೋಪು. ದನಕರುಗಳ ನೆರಳು, ದಾರಿಗರ ತಂಗುದಾಣ, ಹಬ್ಬದ ದಿನದ ನೆರವಿಯ ನೆಲ ಅದೇ. ನೆಲದ ಬೆಲೆ ಏರಿದಂತೆಲ್ಲ ಮೊದಲು ಕಣ್ಣು ಬೀಳುವುದೂ ಅದರ ಮೇಲೆಯೇ. 2011ನೆಯ ಜನವರಿಯಲ್ಲಿ ಸುಪ್ರೀಂಕೋರ್ಟು ಪಂಜಾಬಿನ ಗ್ರಾಮವೊಂದರ ಕೆರೆಯ ಮೊಕದ್ದಮೆಯಲ್ಲಿ, ಒತ್ತುವರಿ ಮಾಡಿದವರಿಂದ ಹಣ ಪಡೆದು ನೆಲವನ್ನು ಅವರಿಗೇ ಬಿಡಬಹುದೆಂಬ ಸರ್ಕಾರದ ಪತ್ರವನ್ನು ಅಸಿಂಧುವೆಂದಿತು. ಗ್ರಾಮದ ಸಮುದಾಯ ಭೂಮಿಯ ಒತ್ತುವರಿಯನ್ನು ತೆರವು ಮಾಡಿಸುವ ಯೋಜನೆಗಳನ್ನು ಸಿದ್ಧಪಡಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಆದುದರಿಂದ ನ್ಯಾಯವು ನಗರಕ್ಕೊಂದು, ಹಳ್ಳಿಗೊಂದು ಎಂದಿಲ್ಲ.

ಆದರೂ ಒಂದು ಭೇದವುಂಟು. ರಾಜಮಹಲ್ ವಿಲಾಸದ ನಿವಾಸಿಗಳು ಕೇಳಿದರು. ಕೇಳಿದುದಕ್ಕೆ ಫಲ ಕಾಣಲು, ಮಂಜೂರಾತಿಯಿಂದ ಲೆಕ್ಕ ಹಾಕಿದರೆ, ಹದಿನೈದು ವರ್ಷಗಳು ಸಂದುವು. ಕೇಳುವವರೇ ಇಲ್ಲದ ಊರಿನಲ್ಲಿ ಕಾಯಿದೆಯು ಕಪಾಟಿನಲ್ಲಿಯೇ ಇರುತ್ತದೆ. ಶಾಸನದ ಶಾಪವಾಕ್ಯಕ್ಕೂ ಓದುವವರಿದ್ದಾಗ ಮಾತ್ರ ಬೆಲೆಯಷ್ಟೆ! ಅಕ್ಷರ ಬಲ್ಲ ಪ್ರತಿಯೊಂದು ಮನೆಯವರೂ ತಮ್ಮ ಊರಿನ ಗ್ರಾಮನಕಾಶೆಯನ್ನು ಒಮ್ಮೆ ತೆರೆದು, ತೋಪಿನ ಸರ್ವೆ ನಂಬರನ್ನು ಪಹಣಿಯೊಡನೆ ಹೋಲಿಸಿ, ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಹೇಳುವುದು ಯುಕ್ತ. ಹೊಸದಾಗಿ ಆರಾಮವನ್ನು ನೆಡಿಸುವ ಶಕ್ತಿ ಎಲ್ಲರಿಗೂ ಇರಲಾರದು. ನೆಟ್ಟುದನ್ನು ಉಳಿಸಿಕೊಳ್ಳುವ ಪೂರ್ತಧರ್ಮವಾದರೋ ಎಲ್ಲರಿಗೂ ಸಾಧ್ಯವಾದುದು.